ಭಾವಪೂರ್ಣ ಕೃತಜ್ಞತೆಗಳು

ನಮ್ಮ ಕಡೆಯ ಮನೆಗಳಲ್ಲಿ ಬೈಯಲಿಕ್ಕೆ ನೂರೆಂಟು ಮಾತುಗಳಿವೆ, ಧನ್ಯವಾದ ಹೇಳಲಿಕ್ಕೆ ಒಂದೂ ಇಲ್ಲ. ಕನ್ನಡದಲ್ಲಿ ಇಲ್ಲವೆಂದಲ್ಲ, ಕೃತಜ್ಞತೆ, ವಂದನೆ, ಆಭಾರ ಎಂದು ಬೇಕಾದಷ್ಟಿವೆ. ಆದರೆ ಅವೆಲ್ಲ ಸಭೆ-ಸಮಾರಂಭದ ಸಾಮಾನು. ಶಾಮಿಯಾನದ ಜೊತೆ ಬಾಡಿಗೆಗೆ ಬಂದು ಶಾಮಿಯಾನದ ಜೊತೆಯೇ ವಾಪಸು ಹೋಗುತ್ತವೆ. ಅಡುಗೆಮನೆಯೊಳಗೆ ಅವಕ್ಕೆ ಪ್ರವೇಶವಿಲ್ಲ. ಪಿಯುಸಿಯಲ್ಲಿದ್ದಾಗ ಒಮ್ಮೆ, ಇಂಗ್ಲಿಷ್ ಮೇಡಂ ಹೇಳಿಕೊಟ್ಟರೆಂದು, ಬಿಸಿ ರೊಟ್ಟಿ ತಂದು ತಾಟಿಗೆ ಹಾಕಿದ ಅವ್ವನಿಗೆ "ಥ್ಯಾಂಕ್ಸ್ ಅವ್ವಾ" ಅಂದೆ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲವೆಂದು ಖಾತ್ರಿಯಾದ ಮೇಲೆ, "ಏನ್ ಒಡದಿ? ಖರೆ ಹೇಳು," ಅಂದಳು. ಏನೂ ಒಡೆದಿಲ್ಲವೆಂದು ನಂಬಿಸುವ ಹೊತ್ತಿಗೆ ರೊಟ್ಟಿ ಆರಿ ಹೋಗಿತ್ತು. ಇಂಥ ಮನೆಯಲ್ಲಿ ಬೆಳೆದ ನಾನು ಅಪ್ಪ-ಅವ್ವನಿಗೆ ಒಮ್ಮೆ ಕೃತಜ್ಞತೆ ಹೇಳಲೇಬೇಕೆಂದು ಮನಸ್ಸು ಮಾಡಿದೆ, ಹೇಳಿಯೂ ಬಿಟ್ಟೆ. ಅದರಿಂದ ಏನೇನಾಯಿತು ಎಂಬುದನ್ನು ನಾನೇ ಬಾಯಿಬಿಟ್ಟು ಒಪ್ಪಿಕೊಳ್ಳುವುದು ಒಳ್ಳೆಯದು. ಅಪ್ಪನ ತಂಗಿ, ಹುಕ್ಕೇರಿ ಅತ್ತಿ, ಹೇಳಿದರೆ ಇನ್ನೂ ಉದ್ದವಾಗುತ್ತದೆ.

ಮೊದಲಿಗೆ ನನ್ನ ಸ್ವಾಭಿಮಾನದ ಕಥೆ. ಗೋಕಾಕ-ಮೂಡಲಗಿ ರಸ್ತೆಯಿಂದ ಒಂದು ಮೈಲಿ ಒಳಗೆ ನಮ್ಮ ತೋಟದ ಮನೆ. ಅಪ್ಪನಿಗೆ ಸ್ವಲ್ಪ ಕಬ್ಬು, ನಾಲ್ಕು ಎಮ್ಮೆ, ಒಬ್ಬಳೇ ಮಗಳು. ನನ್ನನ್ನು ಕಾಲೇಜಿಗೆ ಕಳಿಸಲಿಕ್ಕೆ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊರಗೆ ನನ್ನ ಹೋರಾಟದ ಕಥೆ ಹೇಳುವಾಗೆಲ್ಲ ಈ ಭಾಗವನ್ನು ನಾನು ಹಾರಿಸಿಬಿಡುತ್ತಿದ್ದೆ. ಪಿಯುಸಿ ಮುಗಿದಾಗ ನಮ್ಮ ಬೀಳ್ಕೊಡುವ ಸಮಾರಂಭಕ್ಕೆ ಒಬ್ಬ ಮುಖ್ಯ ಅತಿಥಿ ಬಂದಿದ್ದರು. ತಾವು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು ಡಿಗ್ರಿ ಮುಗಿಸಿದ್ದನ್ನು ಒಂದು ತಾಸು ವರ್ಣಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮೂರನೇ ಸಾಲಿನಲ್ಲಿ ಕೂತ ನಾನು ಗಳಗಳ ಅತ್ತೆ. ಅವರ ಅಪ್ಪ ಅವರಿಗೆ ಏಳು ವರ್ಷವಾಗಿದ್ದಾಗಲೇ ತೀರಿಕೊಂಡಿದ್ದರು ಎಂಬ ಸಣ್ಣ ವಿವರ ಅಳುವಿನ ಗದ್ದಲದಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಅವತ್ತು ಸಂಜೆ ಎಮ್ಮೆ ಹಿಂಡುತ್ತ ಕೂತಿದ್ದ ಅಪ್ಪನ ಮುಂದೆ ಹೋಗಿ ನಿಂತೆ.

"ಡಿಗ್ರಿ ನಾ ನನ್ನ ಸ್ವಂತ ದುಡಿಮ್ಯಾಗ ಕಲೀತೇನಪಾ. ನಿನ್ನ ಒಂದ ರೂಪಾಯಿ ಸೈತ ಬ್ಯಾಡ."

ಅಪ್ಪ ತಲೆ ಎತ್ತಲಿಲ್ಲ. "ಯಾಕ? ನನ್ನ ರೊಕ್ಕಕ್ಕೇನ್ ಶಗಣಿ ವಾಸನಿ ಬರತೈತೇನ?"

"ಹಂಗಲ್ಲಪಾ, ಅದು ತತ್ವ."

"ತತ್ವಕ್ಕ ತಿಂಗಳಿಗೆ ಎಷ್ಟ ಪಗಾರ ಕೊಡ್ತಾರ?" ಎಂದು ಕೇಳಿ ಅಪ್ಪ ಹಾಲಿನ ಕೊಡ ಎತ್ತಿಕೊಂಡು ಒಳಗೆ ಹೋದ. ಆಮೇಲೆ ಆ ಮಾತನ್ನು ಎತ್ತಲೇ ಇಲ್ಲ. ಅವನು ಸೋತ, ನಾನು ಗೆದ್ದೆ ಎಂದುಕೊಂಡೆ.

ತತ್ವಕ್ಕೆ ಪಗಾರ ಸಿಕ್ಕಿದ್ದು ಗೋಕಾಕ ಬಸ್‌ಸ್ಟ್ಯಾಂಡಿನ ಎದುರಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಕಂಪ್ಯೂಟರಿನ ಮುಂದೆ ಬ್ಯಾನರ್ ಮಾಡುವುದು. ಮಾಲಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಬಿ.ಎ.ಯಲ್ಲಿ ನಾನು ಕಲಿತ ಸಮಾಜಶಾಸ್ತ್ರಕ್ಕಿಂತ ಆ ಅಂಗಡಿಯಲ್ಲಿ ಕಲಿತದ್ದು ಹೆಚ್ಚು. ಹುಟ್ಟುಹಬ್ಬದ ಬ್ಯಾನರಿನ ಕೆಳಗೆ ಶುಭ ಕೋರುವವರ ಇಪ್ಪತ್ತು ಮುಖ ಇರುತ್ತವಲ್ಲ, ಅವುಗಳಲ್ಲಿ ಯಾರ ತಲೆ ಯಾರ ತಲೆಗಿಂತ ಕಾಲು ಇಂಚು ದೊಡ್ಡದಿರಬೇಕು ಎಂಬುದರ ಮೇಲೆ ಸ್ನೇಹ ಮುರಿದದ್ದನ್ನು ಕಂಡಿದ್ದೇನೆ. ಕರಿ ಕನ್ನಡಕ ಇಲ್ಲದವರಿಗೆ ಕರಿ ಕನ್ನಡಕ ತೊಡಿಸಿದ್ದೇನೆ, ಬೋಳು ತಲೆಯಲ್ಲಿ ಕೂದಲು ಬೆಳೆಸಿದ್ದೇನೆ. ಕಂಪ್ಯೂಟರಿನ ಸಿಟ್ಟಿಗೆ ಒತ್ತಕ್ಷರಗಳು ಹಾರಿಹೋಗಿ 'ಹಾರ್ದಿಕ' ಎಂಬುದು ಏನೇನೋ ಆಗುತ್ತಿದ್ದಾಗ ಅವನ್ನು ಹಿಡಿದು ತಂದು ಕೂಡ್ರಿಸುವವಳು ನಾನೊಬ್ಬಳೇ. ಕನ್ನಡ ಮೇಜರ್ ಎಂಬ ಕಾರಣಕ್ಕೆ ಕಾಕಾ ನನಗೆ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತಿದ್ದರು. ಗೋಕಾಕದಲ್ಲಿ ಕಾಗುಣಿತಕ್ಕೆ ಬೆಲೆ ಕೊಟ್ಟ ಏಕೈಕ ಮನುಷ್ಯ ಅವರೇ ಇರಬೇಕು.

ಹೀಗೆ ಮೂರು ವರ್ಷ ಫೀ ನಾನೇ ಕಟ್ಟಿದೆ, ಬಸ್ ಪಾಸು ನಾನೇ ತೆಗೆಸಿದೆ, ಪುಸ್ತಕ ನಾನೇ ಕೊಂಡೆ, ಮತ್ತು ಕಂಡವರಿಗೆಲ್ಲ ಇದನ್ನು ನಾನೇ ಹೇಳಿದೆ. ಅವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಿದ್ದಳು, ಅಪ್ಪ ದಿನಾ ಡೈರಿಗೆ ಹಾಲು ಹಾಕಲು ಹೋಗುವಾಗ ನನ್ನನ್ನು ಬೈಕಿನಲ್ಲಿ ರಸ್ತೆಯವರೆಗೆ ಬಿಟ್ಟು ಬಸ್ಸು ಬರುವ ತನಕ ನಿಲ್ಲುತ್ತಿದ್ದ. ಇವೆಲ್ಲ ಗಾಳಿ-ಬೆಳಕಿನ ಹಾಗೆ ತಾವಾಗಿಯೇ ಆಗುವ ಸಂಗತಿಗಳೆಂದು ನಾನು ತಿಳಿದಿದ್ದೆ. ಸ್ವಂತ ಕಾಲ ಮೇಲೆ ನಿಂತವರ ಕಣ್ಣಿಗೆ ಸಾಮಾನ್ಯವಾಗಿ ಕಾಲು ಮಾತ್ರ ಕಾಣುತ್ತದೆ, ನೆಲ ಕಾಣುವುದಿಲ್ಲ.

ಡಿಗ್ರಿ ಪಾಸಾದ ವಾರವೇ ಅವ್ವ ಒಂದು ಮಾತು ಹೇಳಿದಳು. ಶೇಂಗಾ ಸುಲಿಯುತ್ತ, ನನ್ನ ಕಡೆ ನೋಡದೆ ಹೇಳಿದಳು. ಅಪ್ಪ ಮೂಡಲಗಿ ಸಂತೆಗೆ ಹೋದರೆ ಮೊದಲಿನ ಚಹಾದಂಗಡಿಯಲ್ಲಿ ಕೂಡುವುದಿಲ್ಲವಂತೆ. ಎರಡು ವರ್ಷದ ಹಿಂದೆ ಅಲ್ಲಿ ಯಾರೋ ಒಬ್ಬರು, "ಏನೋ, ಮಗಳನ್ನ ದುಡಿಯಾಕ ಹಚ್ಚಿ, ಆಕಿ ಗಳಿಕೀಲೆ ಆಕೀನ್ನ ಕಲಸಾಕತ್ತಿಯಂತ?" ಎಂದು ಹತ್ತು ಜನರೆದುರು ಕೇಳಿದರಂತೆ. ಅಪ್ಪ ಅರ್ಧ ಚಹಾ ಬಿಟ್ಟು ಎದ್ದು ಬಂದನಂತೆ. "ನಿನ್ನ ಮುಂದ ಹೇಳಬ್ಯಾಡ ಅಂದಾರ, ಹೇಳೇನಿ ಅಂತ ಹೇಳಬ್ಯಾಡ," ಅಂದಳು ಅವ್ವ. ನನ್ನ ಸ್ವಾಭಿಮಾನದ ಡಂಗುರವನ್ನು ಗೋಕಾಕದಲ್ಲಿ ಬಾರಿಸುತ್ತ ಹೋದರೆ ಅದು ಮೂಡಲಗಿಯಲ್ಲಿ ಅಪ್ಪನ ಬೆನ್ನಿಗೆ ಬಡಿಯುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಹೋದ ಮರ್ಯಾದೆಯನ್ನು ಹೋದ ಜಾಗದಲ್ಲೇ ತಂದುಕೊಡಬೇಕು ಎಂದು ನಿಶ್ಚಯಿಸಿದೆ. ಬಾಯಿಂದ ಹೇಳುವ ಧೈರ್ಯವಂತೂ ಇಲ್ಲ. ನನ್ನ ಕೈಯಲ್ಲಿದ್ದದ್ದು ಒಂದೇ ವಿದ್ಯೆ. ಮೂಡಲಗಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಆ ಚಹಾದಂಗಡಿಗೆ ಎದುರಾಗಿ, ಎಂಟಡಿ ಅಗಲದ ಫ್ಲೆಕ್ಸ್ ಕಟ್ಟಿಸುವುದು.

ಕಾಕಾ ಅವತ್ತು ಘಟಪ್ರಭಾಕ್ಕೆ ಹಲ್ಲು ತೋರಿಸಲು ಹೋಗಿದ್ದರು. ಇದ್ದಿದ್ದರೆ ನನ್ನನ್ನು ತಡೆಯುತ್ತಿದ್ದರು. ಫ್ಲೆಕ್ಸ್ ಅಂಗಡಿಯಲ್ಲಿ ಯಾರೂ ಹೊಸದಾಗಿ ಬ್ಯಾನರ್ ಮಾಡುವುದಿಲ್ಲ, ಹಳೆಯದನ್ನು ತೆರೆದು ಮುಖ-ಹೆಸರು ಬದಲಿಸುವುದೇ ಪದ್ಧತಿ. ವಯಸ್ಸಾದ ಗಂಡ-ಹೆಂಡತಿಯ ಫೋಟೋ ಜೋಡಿಯಾಗಿ ಇರುವ ನಮೂನೆ ಬೇಕೆಂದು ಹುಡುಕಿದೆ. ಸಿಕ್ಕಿದ್ದೆಲ್ಲ ಒಂದೇ ಜಾತಿಯವು. ಅವುಗಳಲ್ಲೇ ಚೆಂದದ್ದೊಂದನ್ನು ಆರಿಸಿಕೊಂಡೆ. ಎರಡೂ ಬದಿಗೆ ಉರಿಯುತ್ತಿದ್ದ ದೀಪಗಳನ್ನು ತೆಗೆದೆ, ಅಷ್ಟು ಬುದ್ಧಿ ನನಗಿತ್ತು. ಫೋಟೋದ ಸುತ್ತಲಿನ ಮಲ್ಲಿಗೆ ಹಾರ ಭಾಳ ಚೆಂದ ಕಂಡಿತು, ಬಿಟ್ಟೆ. ಮೇಲಿದ್ದ 'ಭಾವಪೂರ್ಣ ಶ್ರದ್ಧಾಂಜಲಿ' ಎಂಬುದರಲ್ಲಿ ಶ್ರದ್ಧಾಂಜಲಿ ಅಳಿಸಿ 'ಕೃತಜ್ಞತೆಗಳು' ಎಂದು ಬರೆದೆ. 'ನಿಮ್ಮ ಋಣ ಎಂದಿಗೂ ತೀರದು, ನಿಮ್ಮ ಆಶೀರ್ವಾದ ಸದಾ ನಮ್ಮ ಮೇಲಿರಲಿ' ಎಂಬುದು ಮೊದಲೇ ಇತ್ತು, ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಆದ್ದರಿಂದ ಬದಲಿಸಲಿಲ್ಲ. ಅಪ್ಪ-ಅವ್ವ ಸೇರಿ ಫೋಟೋ ತೆಗೆಸಿಕೊಂಡವರಲ್ಲ. ರೇಷನ್ ಕಾರ್ಡಿಗೆ ತೆಗೆದ ಫೋಟೋಗಳೇ ಗತಿ. ಅವುಗಳಲ್ಲಿ ಇಬ್ಬರೂ ಆಗಲೇ ಅರ್ಧ ದಾರಿ ಹೋದವರ ಹಾಗೆ ಕಾಣುತ್ತಿದ್ದರು. ಕೆಳಗೆ, ಕರಿ ಗೌನು-ಟೊಪ್ಪಿಗೆ ತೊಟ್ಟ ನನ್ನ ಫೋಟೋ, ಅದರ ಬಗಲಿಗೆ 'ಸ್ವಂತ ದುಡಿಮೆಯಿಂದ ಪದವಿ ಪಡೆದ ನಿಮ್ಮ ಮಗಳು ಕು. ಶೋಭಾ, ಬಿ.ಎ.' ಎಂದು. ಮೂರು ಸಲ ತಿದ್ದಿ ನೋಡಿದೆ. ಒಂದೇ ಒಂದು ಕಾಗುಣಿತದ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಮೂಡಲಗಿಯಲ್ಲಿ ಫ್ಲೆಕ್ಸ್ ಏರಿತು. ಕಟ್ಟಲು ಹೋದವರು, "ಅಕ್ಕಾರ, ಜನಾ ಭಾಳ ನೋಡಾಕತ್ತಾರ್ರೀ. ಒಬ್ರು ಚಪ್ಪಲಿ ಬಿಟ್ಟು ಕೈ ಮುಗದ್ರು," ಎಂದು ಫೋನು ಮಾಡಿದರು. ತಂದೆತಾಯಿಯ ಮೇಲೆ ನಮ್ಮ ಜನಕ್ಕೆ ಇನ್ನೂ ಎಷ್ಟು ಗೌರವವಿದೆ ಎಂದು ನನ್ನ ಕಣ್ಣು ತುಂಬಿ ಬಂತು. ನನಗೆ ತಿಳಿಯದ ಸಂಗತಿ ಇಷ್ಟೇ. ನಮ್ಮ ಸೀಮೆಯಲ್ಲಿ ಬ್ಯಾನರಿನ ಮೇಲೆ 'ಭಾವಪೂರ್ಣ' ಎಂದು ಕಂಡರೆ ಮುಂದಿನ ಪದವನ್ನು ಯಾರೂ ಓದುವುದಿಲ್ಲ. ಓದಿ ಮುಗಿಯಿತೆಂದು ಚಪ್ಪಲಿ ಬಿಡುತ್ತಾರೆ.

ಅಪ್ಪನ ಒಬ್ಬಳೇ ತಂಗಿ ಗಂಗವ್ವತ್ತಿಯನ್ನು ಹುಕ್ಕೇರಿಗೆ ಕೊಟ್ಟಿದೆ. ಯಾರೋ ಪುಣ್ಯಾತ್ಮರು ಆ ಫ್ಲೆಕ್ಸಿನ ಫೋಟೋ ತೆಗೆದು, ಕೈ ಮುಗಿದ ಚಿತ್ರ ಸೇರಿಸಿ, ಬೀಗರ ವಾಟ್ಸ್ಯಾಪಿಗೆ ಬಿಟ್ಟಿದ್ದರು. ಅದು ಅರ್ಧ ತಾಸಿನಲ್ಲಿ ಹುಕ್ಕೇರಿ ಮುಟ್ಟಿತು. ಅಣ್ಣ-ಅತ್ತಿಗೆ ಇಬ್ಬರೂ ಒಟ್ಟಿಗೇ ಹೋಗಿಬಿಟ್ಟರಲ್ಲ, ಏನು ಅಪಘಾತವೋ ಏನು ಕಥೆಯೋ ಎಂದು ಅತ್ತಿ ಉಟ್ಟ ಸೀರೆಯಲ್ಲೇ ಗೋಕಾಕ ಬಸ್ಸು ಹತ್ತಿದಳು. ಬಸ್ಸಿನಿಂದಲೇ ಅಪ್ಪನ ಫೋನಿಗೆ ಹಚ್ಚಿದಳು. ಸತ್ತವರ ಮನೆಯಲ್ಲಿ ಫೋನು ಯಾರಾದರೂ ನೆರೆಯವರ ಕೈಯಲ್ಲಿರುತ್ತದೆ ಎಂಬುದು ಅವಳ ಲೆಕ್ಕ. ಫೋನು ಎತ್ತಿದ್ದು ಸ್ವತಃ ಅಪ್ಪ.

"ಹೋದ್ರೋ ಎಪ್ಪಾ, ಹೋಗೇಬಿಟ್ರೋ!" ಎಂದು ಅತ್ತಿ ಬಾಯಿ ಮಾಡಿದಳು.

ಕನ್ನಡದಲ್ಲಿ ಇದೊಂದು ಫಜೀತಿ ಇದೆ. ಇಬ್ಬರು ಹೋದರೂ 'ಹೋದ್ರು', ಮರ್ಯಾದೆಯ ಮನುಷ್ಯ ಒಬ್ಬರೇ ಹೋದರೂ 'ಹೋದ್ರು'. ಅತ್ತಿಯ ಮಾವ, ತೊಂಬತ್ತರ ಹತ್ತಿರದವರು, ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅವರೇ ಹೋದರೆಂದು ಅಪ್ಪ ತಿಳಿದ.

"ಅಳಬ್ಯಾಡಬೇ ಗಂಗವ್ವಾ. ಹೋಗಿದ್ದ ಚಲೋ ಆತು. ಎಷ್ಟ ದಿನಾಂತ ಎಲ್ಲಾರಿಗೂ ತ್ರಾಸ ಕೊಟ್ಕೋಂತ ಇರೂದು? ಮಣ್ಣು ಎಷ್ಟೊತ್ತಿಗೈತಿ, ಅಷ್ಟ ಹೇಳು."

ಬಸ್ಸಿನ ಸದ್ದು, ತನ್ನದೇ ಅಳು, ಇವುಗಳ ನಡುವೆ ಅತ್ತಿಗೆ ದನಿ ಗುರುತು ಸಿಗಲಿಲ್ಲ, ಮಾತು ಮಾತ್ರ ಕೇಳಿಸಿತು. ಅಣ್ಣ ಸತ್ತದ್ದು ಚಲೋ ಆಯಿತು ಅನ್ನುವ, ತವರುಮನೆಯ ಮಗಳಿಗೇ ಹೂಳುವ ಹೊತ್ತು ಕೇಳುವ ಈ ಕಟುಕ ಯಾರೆಂದು ಅವಳು ಫೋನು ಕಟ್ ಮಾಡಿ, ಇಡೀ ಬಸ್ಸಿಗೆ ಕೇಳುವಂತೆ ಹಾಡಿಕೊಂಡು ಅಳಲು ಶುರುಮಾಡಿದಳು. ಇತ್ತ ಅಪ್ಪ ಬಿಳಿ ಅಂಗಿ ತೊಟ್ಟು, ಅವ್ವನನ್ನು ಕರೆದುಕೊಂಡು, ಬೀಗರ ಮಣ್ಣಿಗೆಂದು ಹುಕ್ಕೇರಿಗೆ ಹೊರಟ. ಮೂಡಲಗಿ ನಮಗೆ ಆ ದಿಕ್ಕು, ಗೋಕಾಕ ಈ ದಿಕ್ಕು, ಹಾಗಾಗಿ ಫ್ಲೆಕ್ಸ್ ಅವರ ಕಣ್ಣಿಗೆ ಬೀಳಲಿಲ್ಲ.

ಗೋಕಾಕದಲ್ಲಿ ಬಸ್ಸು ಬದಲಿಸಬೇಕು. ಮೂರು ವರ್ಷದಲ್ಲಿ ನನ್ನ ಅಂಗಡಿಯ ಮೆಟ್ಟಿಲು ತುಳಿಯದ ಅಪ್ಪ ಅವತ್ತು ಬಂದು ಬಾಗಿಲಲ್ಲಿ ನಿಂತ. ಬ್ಯಾನರ್ ನೋಡಿ ಮನಸ್ಸು ಕರಗಿ ಬಂದಿದ್ದಾನೆ ಎಂದುಕೊಂಡೆ. "ಹುಕ್ಕೇರಿ ಮಾವನವ್ರು ಹೋದ್ರು. ಸಂಜೀಕ ಮನ್ಯಾಗ ನೀನ ಎಮ್ಮಿ ಹಿಂಡು," ಎಂದು ಹೇಳಿ ಹೊರಟುಬಿಟ್ಟ. ಸಂತಾಪ ಸೂಚಿಸಿ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವರಿಬ್ಬರನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂಡ್ರಿಸಿ, ಒಂದು ಪ್ಲೇಟು ಮಿರ್ಚಿ ಭಜಿ ಕೊಡಿಸಿದೆ. ಅಷ್ಟರಲ್ಲಿ ಹುಕ್ಕೇರಿ ಬಸ್ಸು ಬಂತು. ಬಸ್ಸಿಗಿಂತ ಮೊದಲು ಅದರೊಳಗಿನ ಅಳು ಬಂತು.

ಅತ್ತಿಯನ್ನು ಇಬ್ಬರು ಹೆಂಗಸರು ಹಿಡಿದು ಇಳಿಸುತ್ತಿದ್ದರು. ಇಳಿದವಳು ತಲೆ ಎತ್ತಿದಳು. ಎದುರಿಗೆ, ಕಟ್ಟೆಯ ಮೇಲೆ, ಅಗಲಿದ ಅಣ್ಣ-ಅತ್ತಿಗೆ ಮಿರ್ಚಿಯ ತೊಟ್ಟು ಹಿಡಿದುಕೊಂಡು ಕೂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಮೂರ್ಛೆ ಹೋಗುತ್ತಿದ್ದರು. ಅತ್ತಿ ಗಟ್ಟಿ ಹೆಂಗಸು. ಮೇಲಾಗಿ ಘಟಪ್ರಭಾ ದಾಟಿದಾಗಿನಿಂದ ಏರಿದ್ದ ಅಳು, ಅದನ್ನು ಒಮ್ಮೆಲೇ ನಿಲ್ಲಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಓಡಿ ಬಂದು ಅಪ್ಪನ ಕೊರಳಿಗೆ ಬಿದ್ದು, ಬಿಟ್ಟ ಸಾಲಿನಿಂದಲೇ ಮುಂದುವರಿಸಿದಳು.

"ನನ್ನಣ್ಣಾ... ಇನ್ನ ಮೂಡಲಗಿ ಬಸ್ಸು ಯಾರ ಸಲುವಾಗಿ ಹತ್ತಲೋ... ಪಂಚಮಿಗೆ ಕರಿಯಾಕ ಯಾರ ಬರ್ತಾರೋ... ನನ್ನ ಬಾಣಂತನಕ್ಕ ಹಿಂಡೂ ಎಮ್ಮಿ ಹೊಡಕೊಂಡ ಬಂದಿದ್ಯೋ..."

"ಯವ್ವಾ ಗಂಗವ್ವಾ, ಅವ್ರ ಜೀವಂತ ಅದಾರ, ನೋಡಿಲ್ಲೆ," ಎಂದು ಅವ್ವ ಅವಳನ್ನು ಬಿಡಿಸಲು ಹೋದಳು. ಅಪ್ಪ ಕೈ ಅಡ್ಡ ಹಿಡಿದ. "ತಡೀ. ಹೇಳಲಿ."

ಏನಾಗಿದೆಯೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಆದರೆ ತನ್ನ ಒಳ್ಳೆಯತನವನ್ನು ಒಬ್ಬರು ಹೀಗೆ ರಾಗವಾಗಿ, ಬಸ್‌ಸ್ಟ್ಯಾಂಡಿನ ಅಷ್ಟೂ ಜನರೆದುರು ಹೇಳುತ್ತಿರುವುದು ಅವನ ಆಯುಷ್ಯದಲ್ಲೇ ಮೊದಲು. ಭಜಿ ಕೆಳಗಿಟ್ಟು, ಕಣ್ಣು ಮುಚ್ಚಿ, ಪುರಾಣ ಕೇಳುವವನ ಹಾಗೆ ಕೇಳುತ್ತ ಕೂತ. ಅತ್ತಿ ತನ್ನ ಲಗ್ನ, ಬಾಣಂತನ, ಮನೆ ಕಟ್ಟಿಸಿದ್ದು ಎಲ್ಲವನ್ನೂ ದಾಟಿ ಕೊನೆಗೆ ನನ್ನ ಬುಡಕ್ಕೆ ಬಂದಳು.

"ಮಗಳ ಫೀ ಕಟ್ಟಾಕಂತ ರೊಕ್ಕಾ ಕಿಸೇದಾಗ ಇಟಗೊಂಡ ಕಾಲೇಜಿಗೆ ಹೋಗಿದ್ಯೋ... ಪಾಳೇದಾಗ ಆಕಿ ನಿಂತಿದ್ದ ನೋಡಿ ಗೇಟಿನಿಂದನ ಹೊಳ್ಳಿ ಬಂದ್ಯೋ... 'ಆಕಿ ಮಾರಿ ಮ್ಯಾಲಿನ ಕಳಾ ನೋಡಿ ಕಟ್ಟಾಕ ಮನಸ ಆಗಲಿಲ್ಲ ಗಂಗವ್ವಾ' ಅಂತ ನನ್ನ ಮುಂದ ಅತ್ತ್ಯೋ ನನ್ನಣ್ಣಾ..."

"ಸಾಕ ಮಾಡಬೇ ಇನ್ನ!" ಎಂದು ಅಪ್ಪ ಥಟ್ಟನೆ ಕಣ್ಣು ತೆರೆದ. ನನ್ನ ಕಡೆ ಮಾತ್ರ ನೋಡಲಿಲ್ಲ.

ಮೊದಲನೇ ವರ್ಷ, ಮೊದಲ ಪಗಾರದ ನೋಟುಗಳನ್ನು ಹಿಡಿದುಕೊಂಡು ಫೀ ಕಟ್ಟುವವರ ಆ ಪಾಳಿಯಲ್ಲಿ ಅರಸನ ಮಗಳ ಹಾಗೆ ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಗೇಟಿನ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ನಾನು ಮೂರು ವರ್ಷ ಗೆದ್ದೆನೆಂದು ಬೀಗಿದ್ದು, ಅಪ್ಪ ಗೆಲ್ಲಗೊಟ್ಟದ್ದು ಅಷ್ಟೇ. ಚಹಾದಂಗಡಿಯಲ್ಲಿ ಅಷ್ಟು ಜನರ ಮುಂದೆ "ಕಿಸೇದಾಗ ರೊಕ್ಕಾ ಇಟಗೊಂಡ ಹೋಗಿದ್ದೆ" ಎಂಬ ಒಂದು ಮಾತು ಹೇಳಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು. ಹೇಳಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಅಪ್ಪನ ಕೈ ಹಿಡಿದು ಒಂದು ಮಾತು ಹೇಳಬೇಕೆಂದು ಬಾಯಿ ತೆರೆದೆ. "ಭಜಿ ಆರಾಕತ್ತಾವಪಾ, ತಿನ್ನು," ಎಂಬುದು ಹೊರಗೆ ಬಂತು.

ಅತ್ತಿ ಮೂಗು ಒರೆಸಿಕೊಂಡು, ತನಗೆ ಮೋಸ ಮಾಡಿದ ಆ ಫೋಟೋವನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ಅಪ್ಪ ಫೋನನ್ನು ಮೊಳದುದ್ದ ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದ. ಆ ಬ್ಯಾನರನ್ನು ಪೂರ್ತಿ ಓದಿದ ಮೊದಲ ಮನುಷ್ಯ ಅವನೇ. ಆಮೇಲೆ ಅವ್ವನ ಕೈಗೆ ಕೊಟ್ಟ.

ಅವ್ವ ನೋಡಿ, "ಸತ್ತಿದ್ದು ಇರಲಿ. ನಮ್ಮಿಬ್ಬರ ಮಾರಿ ಕೂಡಿಸಿದ್ರೂ ಆಕಿ ಟೊಪ್ಪಿಗಿಯಷ್ಟ ಆಗೂದಿಲ್ಲಲ್ರೀ," ಅಂದಳು.

ನಾನು ಇಣುಕಿ ನೋಡಿದೆ. ಖರೆ ಇತ್ತು. ತಲೆಗಳ ಅಳತೆಯ ವಿಷಯದಲ್ಲಿ ಇಡೀ ಗೋಕಾಕಕ್ಕೆ ನ್ಯಾಯ ಹೇಳುವ ನಾನು, ಮೇಲೆ ಎರಡು ಸಣ್ಣ ಮುಖ ಇಟ್ಟು, ಕೆಳಗೆ ಮುಕ್ಕಾಲು ಭಾಗ ನನ್ನ ಗೌನನ್ನೇ ಹರವಿದ್ದೆ. ಅತ್ಯಂತ ದಪ್ಪ ಅಕ್ಷರದಲ್ಲಿದ್ದದ್ದು 'ಸ್ವಂತ ದುಡಿಮೆಯಿಂದ' ಎಂಬುದು. ಅದನ್ನೇ, ಆ ಚಹಾದಂಗಡಿಯ ಎದುರಿಗೇ, ಕಟ್ಟಿಸಿದ್ದೆ.

ಅಪ್ಪ ಎದ್ದು ಬಟ್ಟೆ ಝಾಡಿಸಿಕೊಂಡ. "ನಡೀ ಅಂಗಡಿಗೆ. ಹೊಸಾದು ಮಾಡು. ನಾ ಹೇಳಿದಂಗ ಬರಿ. ರೊಕ್ಕಾ ನಾ ಕೊಡತೇನಿ, ಬ್ಯಾಡ ಅನಬ್ಯಾಡ."

ಬೇಡ ಅನ್ನಲಿಲ್ಲ. ಹಲ್ಲು ನೋವಿನ ಗಲ್ಲ ಹಿಡಿದುಕೊಂಡು ಕಾಕಾ ನಗಲಾರದೆ ನಗುತ್ತ ಕೂತಿದ್ದಾಗ, ನಾನು ಅಪ್ಪ ಹೇಳಿದಂತೆ ಟೈಪ್ ಮಾಡಿದೆ. 'ನಮ್ಮ ಮಗಳು ಶೋಭಾ ಬಿ.ಎ. ಪಾಸಾಗಿದ್ದಾಳೆ. ನಾವು ಆರಾಮ ಇದ್ದೇವೆ.' ಅಷ್ಟೇ. ಅಪ್ಪ ಕಿಸೆಯಿಂದ ನೋಟು ತೆಗೆದು ನನ್ನ ಕೈಯಲ್ಲಿಟ್ಟ. ಮೂರು ವರ್ಷದ ಮೇಲೆ ಅವನ ಕೈಯಿಂದ ತೆಗೆದುಕೊಂಡ ಮೊದಲ ರೊಕ್ಕ. ಅವನು ಮೆಲ್ಲಗೆ, "ಮನಿಯವ್ರು ಅದೇವಿ, ನೂರು ರೂಪಾಯಿ ಕಮ್ಮಿ ಮಾಡಬೇ," ಅಂದ. ಮೂರು ವರ್ಷದ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು: "ಹಂಗ ಬರೂದಿಲ್ರೀ, ಎಲ್ಲಾರಿಗೂ ಒಂದ ರೇಟು." ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕಾಕಾನ ಕಡೆ ತಿರುಗಿ, "ಇಕಿ ಡಿಗ್ರಿ ಪಾಸಾಗಿದ್ದು ಈಗ ನಂಬಿಗಿ ಆತು ನೋಡ್ರಿ," ಎಂದು ಹೊಟ್ಟೆ ಹಿಡಿದು ನಕ್ಕ. ಹೊಸ ಬ್ಯಾನರ್ ಏರಿದ ಮೇಲಿನ ಸಂತೆಗೆ ಅವನು ಆ ಚಹಾದಂಗಡಿಗೆ ಹೋಗಿ ಕೂತು, ಪೂರ್ತಿ ಚಹಾ ಕುಡಿದು ಬಂದನೆಂದು ಅವ್ವ ಹೇಳಿದಳು. ಸತ್ತು ಬದುಕಿದವನೆಂದು ಬಿಲ್ಲು ಸಹ ಯಾರೋ ತಾವೇ ಕೊಟ್ಟರಂತೆ.

ಈಗ ನಾನೊಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅಪ್ಪ-ಅವ್ವನಿಗೆ ಧನ್ಯವಾದವನ್ನು ಬಾಯಿಂದ ಇನ್ನೂ ಹೇಳಿಲ್ಲ, ಅದಕ್ಕೇ ಇದನ್ನು ಬರೆದೆ. ಬರೆಯುವಾಗ ಅವ್ವ ಬಂದು ಏನೆಂದು ಕೇಳಿದಳು. "ನಿಮ್ಮಿಬ್ಬರ ಮ್ಯಾಲ ಬರಿಯಾಕತ್ತೇನಿ," ಅಂದೆ. "ಇದರಾಗರೆ ನಮ್ಮನ್ನ ಜೀವಂತ ಇಟ್ಟಿಯಿಲ್ಲೋ?" ಎಂದಳು. ಅನುಮಾನ ಬಂದು ಮೊದಲಿನಿಂದ ಓದಿ ನೋಡಿದೆ. ಇಬ್ಬರೂ ಆರಾಮ ಇದ್ದಾರೆ. ಆದರೆ ಮುಕ್ಕಾಲು ಜಾಗ ಮತ್ತೆ ನಾನೇ ಹಿಡಿದುಕೊಂ‌ಡಿದ್ದೇನೆ.